315 ರೈಫಲ್ ತೋಟಾ ಕೈ ಕೊಟ್ಟಾಗ ಎಲ್ಲಿಂದ ನೋಡ್ಕೋತ ಬರಬೇಕು

ನಮ್ಮ ಕಡೆ ಹಳೇ ದೇಸಾಯರ ಮನಿ, ಗೌಡರ ಮನಿ, ಆಮ್ಯಾಲ ಕಲಘಟಗಿ ಶಿಗ್ಗಾಂವಿ ಕಡೆ ಬೆಳಿ ಕಾಯಾಕ ಅಂತ ಲೈಸನ್ಸ್ ತಗೊಂಡವರ ಮನ್ಯಾಗ ರೈಫಲ್ ಅಂತ ಇದ್ರ ಬಹಳ ಮಾಡಿ ಅದು 315ನ ಇರ್ತೈತಿ. ಬ್ರಿಟಿಷರ ಕಾಲಕ್ಕ ಸೈನ್ಯದ 303 ತೋಟಾ ಮಂದಿ ಕೈಗೆ ಸಿಗಬಾರದು ಅಂತ ನಿರ್ಬಂಧ ಹಾಕಿದ್ರು, ಅದಕ್ಕ ಆಸ್ಟ್ರಿಯಾ-ಹಂಗೇರಿ ಸೈನ್ಯದ 8×50 ಮ್ಯಾನ್ಲಿಕರ್ ತೋಟಾನ ಇಲ್ಲಿ 315 ಅನ್ನೋ ಹೆಸರಿಂದ ಶಿಕಾರಿ ತೋಟಾ ಆಗಿ ಉಳೀತು. ಬಂದೂಕು ಮಾತ್ರ ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ಜಾತಿದು, ಬೋಲ್ಟ್ (ತೋಟಾ ಒಳಗ ತಳ್ಳಿ ಹಿಂದಿನಿಂದ ಮುಚ್ಚೋ ಕೊಳವಿ) ಎಳದು ತಳ್ಳೋದು, ಮ್ಯಾಗಜಿನ್‌ದಾಗ 5 ತೋಟಾ. ಶಿಕಾರಿ ಕಾಲ 1972ರ ವನ್ಯಜೀವಿ ಕಾಯ್ದೆ ಬಂದಾಗ ಮುಗೀತು, ಈಗ ಇದನ್ನ ಹೊಡಿಯೋದು ರೇಂಜಿನ್ಯಾಗ ಟಾರ್ಗೆಟ್ ಮ್ಯಾಲ ಅಷ್ಟ. "ಕಪ್ಪತಗುಡ್ಡದ ಕಡೆ ಹೋಗಿ ಒಂದೆರಡು ಹೊಡದು ಟೆಸ್ಟ್ ಮಾಡ್ಕೊಂಡು ಬರ್ತೀನಿ" ಅನ್ನೋರು ಇನ್ನೂ ಅದಾರ, ಅಣ್ಣಾರ ಅದು ವನ್ಯಜೀವಿ ಧಾಮ ಐತಿ, ಟೆಸ್ಟ್ ಆಗೋದು ನಿಮ್ಮ ಲೈಸನ್ಸ್‌ದು.

ತೋಟಾ ಹಾರಲಿಲ್ಲ ಅಂದ ಕೂಡ್ಲೆ ಮಂದಿ ಹೇಳೋದು ಒಂದ ಮಾತು, "ಮದ್ದು ಹಳೇದಾಗೈತಿ, ಹೊಸಾದಾಗಿ ತುಂಬಿಸಬೇಕು". ನಾ ನೋಡಿದ ಮಟ್ಟಿಗೆ ಮದ್ದಿನ ತಪ್ಪು ಕಡಿಮಿ, ಇಟ್ಟ ಜಾಗಾದ್ದು, ಹಚ್ಚಿದ ಎಣ್ಣೀದು, ಒರಸದ ಬಿಟ್ಟಿದ್ದರದು ಜಾಸ್ತಿ. ಅದಕ್ಕ ಕೆಳಗ ಬರದಿದ್ದೆಲ್ಲಾ ನಿಮ್ಮ ಕಣ್ಣಿಗೆ ಏನು ಕಾಣ್ತೈತಿ ಅಲ್ಲಿಂದನ ಶುರು, ಮೊದಲು ರೊಕ್ಕ ಇಲ್ಲದ ನೋಡೋವು, ಆಮ್ಯಾಲ ರಿಪೇರಿ ಅಂಗಡಿಗೆ ಹೋಗೋವು. ಹಾರಿದ ಖಾಲಿ ಕೇಸ್ (ತೋಟಾದ ಹಿತ್ತಾಳಿ ಕವಚ) ಒಗೀಬ್ಯಾಡ್ರಿ, ಅದು ಆ ಹೊಡತದ ಪಂಚನಾಮಿ ಇದ್ದಂಗ, ಒಳಗ ಏನಾತು ಅನ್ನೋದೆಲ್ಲಾ ಅದರ ಮ್ಯಾಲ ಬರದಿರ್ತೈತಿ.

ಕಣ್ಣಿಗೆ ಕನ್ನಡಕ, ಕಿವಿಗೆ ಮಫ್ ಇಲ್ಲದ ಒಂದೂ ಹೊಡೀಬ್ಯಾಡ್ರಿ. ನಳಿಗಿ ಯಾವತ್ತೂ ಮಣ್ಣಿನ ದಿಬ್ಬದ ಕಡೆ. ಮನ್ಯಾಗ ಬೋಲ್ಟ್ ಚೆಕ್ ಮಾಡೋವಾಗ ಆ ಖೋಲ್ಯಾಗ ಒಂದೂ ಜೀವಂತ ತೋಟಾ ಇರಬಾರದು, ಬ್ಯಾರೆ ಖೋಲ್ಯಾಗ ಇಟ್ಟು ಬಂದು ಕೂಡ್ರಿ.

ಕುದುರಿ (ಟ್ರಿಗರ್) ಎಳದ್ರ "ಟಕ್" ಅಂತೈತಿ, ಹಾರೋದಿಲ್ಲ

ಮೊದಲು ಏನೂ ಮಾಡಬ್ಯಾಡ್ರಿ. ಬಂದೂಕು ಹಂಗ ದಿಬ್ಬದ ಕಡೆ ಹಿಡ್ಕೊಂಡು ಕಡಿಮಿ ಅಂದ್ರ 30 ಸೆಕೆಂಡ್ ನಿಂದರ್ರಿ, ಒಂದು ನಿಮಿಷ ನಿಂತ್ರ ಇನ್ನೂ ಛಲೋ. ಯಾಕಂದ್ರ ಕ್ಯಾಪ್ (ಪೆಟ್ಟು ಬಿದ್ರ ಕಿಡಿ ಕೊಟ್ಟು ಮದ್ದು ಹೊತ್ತಿಸೋದು) ಸಾವಕಾಶ ಹೊತ್ಕೊಂಡು ತಡಾ ಆಗಿ ಹಾರೋ ತೋಟಾನೂ ಇರ್ತಾವ, ನೀವು ಗಡಿಬಿಡಿ ಮಾಡಿ ಬೋಲ್ಟ್ ಎಳದ್ರಿ, ಅಷ್ಟೊತ್ತಿಗೆ ಅದು ಹೊರಗ ಹಾರಿತು ಅಂದ್ರ ಹಿತ್ತಾಳಿ ಚೂರು ಮುಖಕ್ಕ ಬರ್ತೈತಿ. ಟೈಮ್ ಆದಮ್ಯಾಲ ಮುಖಾ ಒಂದು ಬಾಜೂಕ ಇಟ್ಟು ಬೋಲ್ಟ್ ತಗದು ತೋಟಾ ತಗೀರಿ, ಅದರ ಬುಡದಾಗಿನ ಕ್ಯಾಪ್ ಮ್ಯಾಲ ಬೋಲ್ಟಿನ ಒಳಗಿನ ಪಿನ್ನು ಎಷ್ಟು ಆಳ ಹೊಡದೈತಿ ನೋಡ್ರಿ. ಹಿಂದ ಛಲೋ ಹಾರಿದ ಒಂದು ಖಾಲಿ ಕೇಸ್ ಬಾಜೂಕ ಹಿಡದ್ರ ಸಾಕು, ಫರಕ್ ಕಣ್ಣಿಗೇ ಕಾಣ್ತೈತಿ.

ತಗ್ಗು ಬಿದ್ದ ಇಲ್ಲ ಅಂದ್ರ ತಪ್ಪು ತೋಟಾದ್ದಲ್ಲ. ಬೋಲ್ಟ್ ಹಿಡಿಕಿ ಪೂರಾ ಕೆಳಗ ಕುಂತಿತ್ತಾ, ಹಿಂದಿನ ಕಾಕಿಂಗ್ ಪೀಸ್ (ಪಿನ್ನಿನ ಹಿಂದಿನ ತುದಿಗೆ ಇರೋ ಗುಬಟಿ) ಅರ್ಧಕ್ಕ ನಿಂತಿತ್ತಾ ನೋಡ್ರಿ. ಈ ಜಾತಿ ಬೋಲ್ಟಿನ್ಯಾಗ ಸ್ಪ್ರಿಂಗ್ ಬಿಗಿ ಆಗೋದು ಬೋಲ್ಟ್ ಮುಂದ ತಳ್ಳೋವಾಗ, ಅದಕ್ಕ ಅಳಕ್ಕೋತ ಮೆಲ್ಲಕ ತಳ್ಳಿದ್ರ ಕೆಲವೊಮ್ಮಿ ಅರ್ಧಕ್ಕ ನಿಂತು ಬಿಡ್ತೈತಿ. ಅದೂ ಸರಿ ಇದ್ರ ಪಿನ್ನು ಮುರದಿರಬೇಕು, ಅಂಗಡಿ ಕೆಲಸ.

ತಗ್ಗು ಬಿದ್ದೈತಿ ಆದ್ರ ಮೇಲ ಮೇಲ ಬಿದ್ದೈತಿ ಅಂದ್ರ, ಇದ ನೋಡ್ರಿ ನಮ್ಮ ಕಡೆ ಭಾಳ ಬರೋ ಕೇಸು. ಚುನಾವಣಿ ಬಂತು ಅಂದ್ರ ಬಂದೂಕು ಠಾಣೆದಾಗ ಡಿಪಾಸಿಟ್ ಇಡಬೇಕಾಗ್ತೈತಿ, ಇಡೋಕಿಂತ ಮೊದಲು ತುಕ್ಕು ಹಿಡೀಬಾರದು ಅಂತ ಮಂದಿ ಬೋಲ್ಟಿನ ಒಳಗ ಗ್ರೀಸ್ ಮೆತ್ತಿ ಕೊಡ್ತಾರ, ಜಿಲ್ಲಾ ಪಂಚಾಯ್ತಿ ಲೋಕಸಭಾ ಅಂತ ತಿಂಗಳಗಟ್ಲೆ ಅಲ್ಲೇ ಕುಂತು ಆ ಗ್ರೀಸ್ ಬೆಲ್ಲದ ಪಾಕ ಆಗಿರ್ತೈತಿ, ತಂದವರು ಮ್ಯಾಲ ಮ್ಯಾಲ ಒರಸಿ ಸೀದಾ ರೇಂಜಿಗೆ ಬರ್ತಾರ. ಪಿನ್ನು ಆ ಗ್ರೀಸಿನ್ಯಾಗ ಸಾವಕಾಶ ಓಡ್ತೈತಿ, ಕ್ಯಾಪಿಗೆ ಪೆಟ್ಟು ಸಾಕಾಗೋದಿಲ್ಲ. ಇನ್ನೊಂದು ಖಂಡೇ ಪೂಜಿ. ಮಹಾನವಮಿಗೆ ಕುಂಕುಮ ಭಂಡಾರ ಹಚ್ಚಿ, ತೆಂಗಿನಕಾಯಿ ನೀರು ಚಿಮಕಿಸಿ, ಮರುದಿನ ಹಂಗ ಕಪಾಟಿನ್ಯಾಗ ಇಡ್ತಾರ, ಆ ಪುಡಿ ಎಲ್ಲಾ ಎಣ್ಣಿ ಕೂಡ ಸೇರಿ ಬೋಲ್ಟಿನ ಸಂದ್ಯಾಗ ಹೊಕ್ಕಿರ್ತೈತಿ. ಪೂಜಿ ಮಾಡ್ರಿ, ಬ್ಯಾಡ ಅನ್ನೋದಿಲ್ಲ, ಬೋಲ್ಟ್ ತಗದು ಬ್ಯಾರೆ ಇಟ್ಟು ಕಟ್ಟಿಗಿ ಮ್ಯಾಲ ಹಚ್ಚಿದ್ರ ದೇವರು ಸಿಟ್ಟಾಗೋದಿಲ್ಲ.

ಇದಕ್ಕ ಉಪಾಯ ಸೋವಿ: ಬೋಲ್ಟ್ ಹೊರಗ ತಗದು ಒಣ ಬಟ್ಟಿ, ಸ್ವಲ್ಪ ಚಿಮಣಿ ಎಣ್ಣಿಲೇ ತೊಳದು, ಪೂರಾ ಒಣಗಿಸಿ, ಒಂದ ಹನಿ ತೆಳು ಗನ್ ಎಣ್ಣಿ ಹಚ್ಚಿದ್ರ ಸಾಕು. ಬೋಲ್ಟ್ ಪೂರಾ ಬಿಚ್ಚಿ ಪಿನ್ನು ತಗಿಯೋದು ಬ್ಯಾಡ, ಅದಕ್ಕ ಅದರದ ಪಾನಾ ಬೇಕು. ತೊಳದಮ್ಯಾಲೂ ಪೆಟ್ಟು ಹಗರ ಇದ್ರ ಸ್ಪ್ರಿಂಗ್ ಸೋತೈತಿ, ಇಲ್ಲಾ ಪಿನ್ನು ಹೊರಗ ಬರೋ ಅಳತಿ ಕಡಿಮಿ ಆಗೈತಿ, ಇಲ್ಲಾ ಹೆಡ್‌ಸ್ಪೇಸ್ (ತೋಟಾದ ಅಂಚಿಗೂ ಬೋಲ್ಟ್ ಮುಖಕ್ಕೂ ನಡುವಿನ ಜಾಗಾ) ಜಾಸ್ತಿ ಆಗೈತಿ. ಮೂರೂ ಗೇಜ್ ಹಾಕಿ ನೋಡೋವರ ಕೆಲಸ.

ಇನ್ನ ತಗ್ಗು ಆಳ ಐತಿ, ಆದ್ರೂ ಹಾರಿಲ್ಲ ಅಂದ್ರ ಆಗ ತೋಟಾ ಕೆಟ್ಟೈತಿ ಅನ್ನಬಹುದು. ಅದರಾಗೂ ಮದ್ದಿಗಿಂತ ಕ್ಯಾಪ್ ಸತ್ತಿರೋದ ಹೆಚ್ಚು. ಜಂಗು ಬಿಡಿಸೋ ಸ್ಪ್ರೇ ಎಣ್ಣಿ ಇರ್ತಾವಲ್ಲ, ಅವು ಸಂದಿ ಸಂದಿ ಹೊಗೋ ಎಣ್ಣಿ, ತೋಟಾ ಹೊಳೀಲಿ ಅಂತ ಅದನ್ನ ಹೊಡದು ಒರಸಿ ಇಟ್ರ ಕ್ಯಾಪಿನ ಸುತ್ತ ಇಳದು ಒಳಗಿನ ಮಸಾಲಿ ಕೆಡಸ್ತೈತಿ. ತೋಟಾಕ್ಕ ಯಾವ ಎಣ್ಣೀನೂ ಬೇಕಾಗಿಲ್ಲ. ಹಾರದ ತೋಟಾ ಬ್ಯಾರೆ ಡಬ್ಬ್ಯಾಗ ಇಡ್ರಿ, ಮತ್ತ ಮತ್ತ ಹೊಡದು ನೋಡೋದು, ಕಿತ್ತು ಒಳಗಿನ ಮದ್ದು ತಗದು ನೋಡೋದು ಬ್ಯಾಡ.

"ಡಂ" ಅನ್ನೋ ಬದಲಿ ಸಪ್ಪಗ "ಫುಸ್" ಅಂತು

ಇಲ್ಲಿ ಚೆಕ್ ಲಿಸ್ಟ್ ಏನೂ ಇಲ್ಲ. ನಿಲ್ಲಸ್ರಿ. ಧಕ್ಕಿ ಕಡಿಮಿ ಬಂತು, ಆವಾಜ್ ಸಣ್ಣದಾತು, ಟಾರ್ಗೆಟ್ ಮ್ಯಾಲ ತೂತಿಲ್ಲ, ಈ ಮೂರರಾಗ ಒಂದಾದ್ರೂ ಅಷ್ಟ. ಗುಂಡು ನಳಿಗಿ ನಡುವ ಸಿಕ್ಕೊಂಡಿರಬಹುದು, ಅದರ ಹಿಂದ ಇನ್ನೊಂದು ಹೊಡದ್ರಿ ಅಂದ್ರ ನಳಿಗಿ ಉಬ್ಬತೈತಿ ಇಲ್ಲಾ ಸೀಳತೈತಿ, ಎಡಗೈ ಅಲ್ಲೇ ಹಿಡ್ಕೊಂಡಿರ್ತೀರಿ.

ಇಲ್ಲೂ ಒಂದು ನಿಮಿಷ ಕಾಯ್ರಿ, ಬೋಲ್ಟ್ ಹೊರಗ ತಗೀರಿ, ಮ್ಯಾಗಜಿನ್ ಖಾಲಿ ಮಾಡ್ರಿ, ಆಮ್ಯಾಲ ಹಿಂದಿನಿಂದ ನಳಿಗ್ಯಾಗ ಬೆಳಕು ಕಾಣ್ತೈತಾ ನೋಡ್ರಿ. ಬೆಳಕು ದುಂಡಗ ಪೂರಾ ಕಂಡ್ರ ಗುಂಡು ಹೊರಗ ಹೋಗೈತಿ. ಕಾಣಲಿಲ್ಲ ಅಂದ್ರ ಬಂದೂಕು ಹಂಗ ರಿಪೇರಿಗೆ. ಕಬ್ಬಿಣದ ಸಳಿ ಹಾಕಿ ಸುತ್ತಗಿಲೇ ಬಡಿಯೋ ಪೈಲ್ವಾನರು ಇರ್ತಾರ, ಗುಂಡು ಇನ್ನೂ ಬಿಗಿಯಾಗಿ ಕುಂಡ್ರತೈತಿ, ನಳಿಗಿ ಒಳಗಿನ ಗೀರು (ಗುಂಡು ತಿರುಗಿಸೋ ಸುರುಳಿ ಗೆರಿ) ಹಾಳಾಗ್ತಾವ.

ಅಂಗಡಿ ತೋಟಾದಾಗ ಇದು ಭಾಳ ಅಪರೂಪ. ಕಾಣೋದೆಲ್ಲ ಕೈಲೇ ತುಂಬಿದ ತೋಟಾದಾಗ, ಮದ್ದು ಕಡಿಮಿ ಬಿದ್ದಿದ್ದು, ಇಲ್ಲಾ ಹಸಿ ಹಿಡದಿದ್ದು. ಅದರ ಬಗ್ಗೆ ಕೆಳಗ ಹೇಳ್ತೀನಿ.

ತೋಟಾ ಮ್ಯಾಗಜಿನ್‌ದಾಗಿಂದ ಮುಂದ ಹೋಗೋದಿಲ್ಲ, ಸಿಗಬೀಳ್ತೈತಿ

ಇದು ಸಿಂಪಲ್. 315 ತೋಟಾದ ಬುಡಕ್ಕ ಅಂಚು ಐತಿ, ದೇಹಕ್ಕಿಂತ ಅಗಲ. ಮ್ಯಾಗಜಿನ್‌ದಾಗ ಮ್ಯಾಲಿನ ತೋಟಾದ ಅಂಚು ಕೆಳಗಿಂದರ ಅಂಚಿನ ಮುಂದ ಬರಬೇಕು, ಹಿಂದ ಬಿದ್ರ ಕೆಳಗಿನ ಅಂಚು ಅದನ್ನ ಹಿಡದು ನಿಲ್ಲಿಸ್ತೈತಿ. ಒಂದೊಂದ ತುಂಬೋವಾಗ ಪ್ರತಿಯೊಂದನ್ನೂ ಹಿಂದಿನದರಕಿಂತ ತುಸು ಮುಂದ ಇಟ್ಟು ಒತ್ರಿ. ಅಷ್ಟಕ್ಕ ಸರಿ ಆಗ್ಲಿಲ್ಲ ಅಂದ್ರ ಮ್ಯಾಗಜಿನ್ ತುಟಿ ಬಗ್ಗೇತಾ, ಒಳಗಿನ ಸ್ಪ್ರಿಂಗ್ ಮೆತ್ತಗಾಗೇತಾ ನೋಡ್ರಿ, ಒಮ್ಮಿ ಮ್ಯಾಗಜಿನ್ ಹೊರಗ ತಗದು ಝಾಡಿಸಿದ್ರ ನವಲಗುಂದದ ಅರ್ಧ ಎರಿ ಮಣ್ಣು ಅದರಾಗ ಇರ್ತೈತಿ. ತುಟಿ ಪಕ್ಕಡಲೇ ಬಗ್ಗಸಾಕ ಹೋಗಬ್ಯಾಡ್ರಿ, ಒಂದು ಕೂದಲೆಳಿ ಹೆಚ್ಚಾದ್ರೂ ಇನ್ನೊಂದು ಕಡೆ ಸಿಗಬೀಳ್ತೈತಿ.

ಹಾರಿದಮ್ಯಾಲ ಬೋಲ್ಟ್ ಬಿಗಿ, ಕೇಸ್ ಹೊರಗ ಬರೂದಿಲ್ಲ

ಹಿತ್ತಾಳಿ ಕೇಸ್ ಹೊಡತಕ್ಕ ಉಬ್ಬಿ ಚೇಂಬರ್ (ನಳಿಗ್ಯಾಗ ತೋಟಾ ಕುಂಡ್ರೋ ಜಾಗಾ) ಗ್ವಾಡಿಗೆ ಅಂಟ್ತೈತಿ, ಒತ್ತಡ ಇಳದ ಕೂಡ್ಲೆ ಸ್ವಲ್ಪ ಹಿಂದ ಸರೀತೈತಿ, ಅದಕ್ಕ ಹೊರಗ ಬರೋದು. ಚೇಂಬರ್ ಖರಬರಾ ಇದ್ರ, ತುಕ್ಕಿನ ತಗ್ಗು ಇದ್ರ ಅದು ಅಲ್ಲೇ ಕಚ್ಕೊಂಡು ಕುಂಡ್ರತೈತಿ.

ಮೊದಲು ಚೇಂಬರ್ ತೊಳೀರಿ. ಹಳೇ ತೋಟಾಗೋಳ ಕ್ಯಾಪಿನ್ಯಾಗ ಪೊಟ್ಯಾಸಿಯಂ ಕ್ಲೋರೇಟ್ ಇರ್ತಿತ್ತು, ಹಾರಿದಮ್ಯಾಲ ಅದು ಒಂಥರಾ ಉಪ್ಪಾಗಿ ನಳಿಗ್ಯಾಗ ಉಳೀತೈತಿ, ಆ ಉಪ್ಪು ಗಾಳ್ಯಾಗಿನ ಹಸಿ ಎಳ್ಕೋತೈತಿ. ಧಾರವಾಡದಾಗ ಆಷಾಢದ ಜಿಟಿಜಿಟಿ ಮಳ್ಯಾಗ ಎರಡು ದಿನ ಬಿಟ್ರ ಸಾಕು ಕೆಂಪಗ ಆಗಿರ್ತೈತಿ. ಎಣ್ಣಿ ಹಾಕಿದ್ದೆವಲ್ಲ ಅಂತಾರ, ಉಪ್ಪು ಎಣ್ಣ್ಯಾಗ ಕರಗೋದಿಲ್ಲ ರೀ, ನೀರಿನ್ಯಾಗ ಕರಗತೈತಿ. ಹಳೇ ತೋಟಾ ಹೊಡದ ದಿನಾನ ನಳಿಗಿಗೆ ಕುದಿಯೋ ನೀರು ಹಿಂದಿನಿಂದ ಹಾಕ್ರಿ, ಬಿಸಿಗೆ ತಾನ ಒಣಗತೈತಿ, ಒಣ ಬಟ್ಟಿ ಎಳೀರಿ, ಆಮ್ಯಾಲ ಎಣ್ಣಿ. ನೀರಿನ ಹೆಸರು ಕೇಳಿದ್ರ ಬಂದೂಕಿನ ಮಂದಿ ಹೌಹಾರ್ತಾರ, ಆದ್ರ ಹಳೇ ಸೈನ್ಯದಾಗ ಇದ ರೂಢಿ ಇತ್ತು.

ಎರಡನೇದು, ಹೊಡಿಯೋಕಿಂತ ಮೊದಲು ಚೇಂಬರಿನ್ಯಾಗಿನ ಎಣ್ಣಿ ಪೂರಾ ಒರಸ್ರಿ. ಎಣ್ಣಿ ಇದ್ರ ಕೇಸ್ ಗ್ವಾಡಿಗೆ ಹಿಡ್ಕೊಳ್ಳೋದಿಲ್ಲ, ಹೊಡತದ ಪೂರಾ ಭಾರ ಬೋಲ್ಟಿನ ಮ್ಯಾಲ ಬೀಳ್ತೈತಿ.

ಮೂರನೇದು ಬಿಸಲು. ಗದಗ ರೋಣದ ಕಡೆ ಏಪ್ರಿಲ್ ತಿಂಗಳಾಗ ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲ ತೋಟಾದ ಡಬ್ಬಿ ಇಟ್ರ ಮುಟ್ಟಾಕ ಆಗಲಾರದಷ್ಟು ಕಾಯ್ತಾವ, ಕಾದ ಮದ್ದು ಒತ್ತಡ ಜಾಸ್ತಿ ಕೊಡ್ತೈತಿ. ನೆಳ್ಳಾಗ ತಣ್ಣಗ ಆಗಲಿ, ಮತ್ತ ನೋಡ್ರಿ.

ಇಷ್ಟು ಮಾಡಿದಮ್ಯಾಲೂ ಬಿಗಿ ಇದ್ರ ಕೇಸಿನ ಬುಡಾ ನೋಡ್ರಿ. ಕ್ಯಾಪಿನ ಅಂಚು ದುಂಡಗ ಇರೋ ಬದಲಿ ಸಪಾಟ ಆಗಿ ಮೂಲಿ ಮೂಲಿಗೂ ತುಂಬೇತಿ, ಕ್ಯಾಪಿಗೆ ತೂತು ಬಿದ್ದೈತಿ, ಸುತ್ತ ಕಪ್ಪು ಮಸಿ ಬಂದೈತಿ ಅಂದ್ರ ಒತ್ತಡ ಮಿತಿ ದಾಟೇತಿ ಅಂತ ತಿಳ್ಕೋಬೇಕು, ಆ ಡಬ್ಬ್ಯಾಗಿನ ಒಂದೂ ತೋಟಾ ಮುಂದ ಹೊಡೀಬ್ಯಾಡ್ರಿ.

ಸಿಕ್ಕೊಂಡಿದ್ದು ಖಾಲಿ ಕೇಸ್ ಅಂತ ಖಾತ್ರಿ ಇದ್ರ ಬೋಲ್ಟ್ ಹೊರಗ ತಗದು ಮುಂದಿನಿಂದ ಕ್ಲೀನಿಂಗ್ ರಾಡ್ ಹಾಕಿ ಮೆಲ್ಲಕ ತಟ್ಟಬಹುದು. ಹಾರದ ಜೀವಂತ ತೋಟಾ ಸಿಕ್ಕೊಂಡಿದ್ರ ರಾಡ್ ಮುಟ್ಟಲೂ ಬ್ಯಾಡ್ರಿ. ನಳಿಗಿ ದಿಬ್ಬದ ಕಡೆ ಇಟ್ಟು, ರೇಂಜಿನ ಜವಾಬ್ದಾರಿ ಇರೋವರನ್ನ ಕರೀರಿ.

ಕೇಸ್ ಸೀಳಿ ಬರ್ತೈತಿ

ಎಲ್ಲಿ ಸೀಳೇತಿ ಅನ್ನೋದರ ಮ್ಯಾಲ ಎಲ್ಲಾ ಐತಿ.

ಕುತ್ತಿಗಿ ಮ್ಯಾಲ ಉದ್ದಕ ಸಣ್ಣ ಸೀಳು, ಅದೂ ಹೊಡಿಯೋಕಿಂತ ಮೊದಲ ಡಬ್ಬ್ಯಾಗ ಇದ್ದಾಗನ ಕಾಣ್ತೈತಿ ಅಂದ್ರ ಇದರ ಕಥಿ ನಮ್ಮ ದೇಶದ್ದ. ಬ್ರಿಟಿಷ್ ಸೈನ್ಯದವರು ಮಳಿಗಾಲದಾಗ ತೋಟಾ ಕುದುರಿ ಲಾಯದಾಗ ಇಡ್ತಿದ್ರಂತ, ಮಳಿಗಾಲ ಮುಗಿಯೋದ್ರಾಗ ಹಿತ್ತಾಳಿ ತಾನ ಬಿರಕು ಬಿಡ್ತಿತ್ತು. ಕಾರಣ ಗೊತ್ತಾಗಿದ್ದು 1921ರಾಗ: ಕುದುರಿ ಉಚ್ಚೀಲೆ ಬರೋ ಅಮೋನಿಯಾ, ಅದರ ಕೂಡ ಕೇಸ್ ಎಳದು ತಯಾರ ಮಾಡೋವಾಗ ಹಿತ್ತಾಳ್ಯಾಗ ಉಳದ ಬಿಗಿ. ಎರಡೂ ಕೂಡಿದ್ರ ಬಿರಕು. ಈಗ ನಿಮ್ಮ ಮನಿ ನೆನಸ್ಕೋರಿ. ಹಾವೇರಿ ಕಡೆ ಹಳೇ ಮನಿಗೋಳಾಗ ದನಾ ಕಟ್ಟೋದು ತಲಬಾಗಲ ದಾಟಿದ ಕೂಡ್ಲೆ, ಅದರ ಬಾಜೂಕ ಖೋಲ್ಯಾಗ ಯೂರಿಯಾ ಚೀಲ, ಅದರ ಮ್ಯಾಲಿನ ಅಟ್ಟದಾಗ ಟ್ರಂಕು, ಟ್ರಂಕಿನ್ಯಾಗ ತೋಟಾ. ಅಮೋನಿಯಾಕ್ಕ ಇದಕಿಂತ ಛಲೋ ಜಾಗಾ ಎಲ್ಲೆತಿ. ಜಾಗಾ ಬದಲ ಮಾಡ್ರಿ, ಒಳಗಿನ ಖೋಲಿ, ಒಣ ಕಪಾಟು, ಬಿಗಿ ಮುಚ್ಚಳದ ಡಬ್ಬಿ, ಕೀಲಿ. ಚರ್ಮದ ಪಟ್ಟ್ಯಾಗ ಸಿಗಿಸಿ ಗ್ವಾಡಿಗೆ ತೂಗ ಹಾಕೋದೂ ಬ್ಯಾಡ, ಚರ್ಮ ಹದಾ ಮಾಡೋ ಮಸಾಲಿಗೆ ಹಿತ್ತಾಳಿ ಹಸರು ಹಿಡೀತೈತಿ. ಬಿರಕು ಬಿಟ್ಟ ತೋಟಾ ಹೊಡೀಬಾರದು, ಗುಂಡಿನ ಹಿಡತ ಹೋಗಿರ್ತೈತಿ.

ಬುಡದಿಂದ ಒಂದು ಸೆಂಟಿಮೀಟರ್ ಮ್ಯಾಲ ಸುತ್ತಲೂ ಹೊಳಿಯೋ ಗೆರಿ, ಇಲ್ಲಾ ಅಲ್ಲಿಗೇ ಅಡ್ಡ ಹರದು ಅರ್ಧ ಕೇಸ್ ಒಳಗ ಉಳೀತು ಅಂದ್ರ ಇದು ದೊಡ್ಡ ವಿಷಯ. 315 ಚೇಂಬರಿನ್ಯಾಗ ನಿಲ್ಲೋದು ತನ್ನ ಅಂಚಿನ ಆಧಾರದ ಮ್ಯಾಲ, ಆ ಅಂಚಿಗೂ ಬೋಲ್ಟ್ ಮುಖಕ್ಕೂ ನಡುವ ಜಾಗಾ ಜಾಸ್ತಿ ಆದ್ರ, ಹೊಡತಕ್ಕ ಕೇಸಿನ ಮುಂದಿನ ಭಾಗ ಗ್ವಾಡಿಗೆ ಅಂಟಿ ನಿಂತು ಬುಡಾ ಮಾತ್ರ ಹಿಂದ ಸರದು ನಡುವ ಹಿತ್ತಾಳಿ ಎಳದು ತೆಳ್ಳಗ ಆಗ್ತೈತಿ. ಗೆರಿ ಹೊರಗ ಕಾಣಲಿಲ್ಲ ಅಂದ್ರೂ ಒಂದು ಸಣ್ಣ ತಂತಿ ತುದಿ ಬಗ್ಗಿಸಿ ಖಾಲಿ ಕೇಸಿನ ಒಳಗಿಂದ ಬುಡದ ಕಡೆಯಿಂದ ಮ್ಯಾಲಕ ಎಳೀರಿ, ತಗ್ಗು ಇದ್ದಲ್ಲಿ ತಂತಿ ಸಿಗಬೀಳ್ತೈತಿ. ಸಿಗಬಿದ್ರ ಬಂದೂಕು ಕೆಳಗ ಇಡ್ರಿ, ಹರದ್ರ ಬಿಸಿ ಗ್ಯಾಸು ಬೋಲ್ಟಿನ ಬಾಜೂಕಿಂದ ಕಣ್ಣಿಗೇ ಬರ್ತೈತಿ. ಹೆಡ್‌ಸ್ಪೇಸ್ ಗೇಜ್ ಹಾಕಿ ನೋಡಿ ಬೋಲ್ಟ್ ಹೆಡ್ ಬದಲ ಮಾಡೋದು ಲೈಸನ್ಸ್ ಇರೋ ರಿಪೇರಿಯವರ ಕೆಲಸ. ಒಂದು ಪುಕ್ಕಟೆ ಚೆಕ್ ನೀವೂ ಮಾಡಬಹುದು, ಬೋಲ್ಟ್ ಮ್ಯಾಲಿನ ನಂಬರ್ ಮತ್ತ ಬಂದೂಕಿನ ನಂಬರ್ ಒಂದ ಐತಾ ನೋಡ್ರಿ. ಪಾಲಾಗಿ ಎರಡು ಬಂದೂಕು ಅಣ್ಣ ತಮ್ಮರ ಮನಿಗೆ ಹೋದಾಗ ಬೋಲ್ಟ್ ಅದಲ ಬದಲ ಆಗಿರೋದು ಇರ್ತೈತಿ, ನೋಡಾಕ ಎರಡೂ ಒಂದ ಥರಾ, ಅಳತಿ ಒಂದ ಥರಾ ಅಲ್ಲ.

ಕೈಲೇ ತುಂಬಿದ ತೋಟಾದ ಮಾತು ಇಲ್ಲೇ ಬರ್ತೈತಿ. ಅಮೆರಿಕಾ ಯುರೋಪಿನ್ಯಾಗ ಖಾಲಿ ಕೇಸ್‌ಗೆ ಹೊಸಾ ಕ್ಯಾಪ್, ತೂಕ ಮಾಡಿದ ಮದ್ದು, ಹೊಸಾ ಗುಂಡು ಹಾಕಿ ಮನ್ಯಾಗ ತುಂಬೋದು ದೊಡ್ಡ ಹವ್ಯಾಸ. ಅಲ್ಲಿ ಪರೀಕ್ಷಾ ಮಾಡಿದ ಅಳತಿ ಪುಸ್ತಕ ಇರ್ತಾವ, ಎಷ್ಟು ಸಲ ತುಂಬಿದ್ದು ಅಂತ ಲೆಕ್ಕಾ ಇಡ್ತಾರ, ಯಾಕಂದ್ರ ಪ್ರತಿ ಸಲ ತುಂಬಿ ಹೊಡದಂಗ ಆ ಬುಡದ ಗೆರಿ ಇನ್ನಷ್ಟು ತೆಳ್ಳಗ ಆಗ್ತೈತಿ. ನಮ್ಮಲ್ಲಿ 1959ರ ಆಯುಧ ಕಾಯ್ದೆ 5ನೇ ಕಲಂ ಪ್ರಕಾರ ತೋಟಾ ತಯಾರ ಮಾಡಾಕ ಬ್ಯಾರೆ ಲೈಸನ್ಸ್ ಬೇಕು, ಬಂದೂಕು ಇಟ್ಕೊಳ್ಳೋ ಲೈಸನ್ಸ್ ಅದಕ್ಕ ನಡಿಯೋದಿಲ್ಲ. ಕದ್ದು ಮಾರೋ "ತುಂಬಿದ ಮಾಲು" ಬರ್ತೈತಲ್ಲ, ಅದರಾಗ ಮದ್ದು ಯಾವುದು ಅಂತ ಮಾರಿದವಗೂ ಗೊತ್ತಿರೋದಿಲ್ಲ. ಹನ್ನೆರಡು ಬೋರಿನ (ಛರ್ರಾ ಬಂದೂಕಿನ) ಮದ್ದು ಭರ್ ಅಂತ ಉರಿಯೋ ಜಾತಿ, ಅದನ್ನ ರೈಫಲ್ ಕೇಸಿನ್ಯಾಗ ಹಾಕಿದ್ರ ಬೋಲ್ಟ್ ತಡಿಯೋದಿಲ್ಲ. 303 ಗುಂಡು ತಂದು ಹಾಕಿರ್ತಾರ, ಅದು 315 ನಳಿಗಿಗೆ ಸಣ್ಣದು, ಗೀರಿಗೆ ಹತ್ತೋದ ಇಲ್ಲ, ಟಾರ್ಗೆಟ್ ಮ್ಯಾಲ ಅಡ್ಡಡ್ಡ ಬಿದ್ದ ತೂತು ಕಾಣ್ತಾವ. ಬುಡದ ಮ್ಯಾಲ ಕಾರ್ಖಾನಿ ಗುರ್ತು ಇದ್ದ ಮಾತ್ರಕ್ಕ ನಂಬಬ್ಯಾಡ್ರಿ, ಕೇಸ್ ಕಾರ್ಖಾನೀದು, ಒಳಗಿಂದು ಯಾರದೋ. ಕ್ಯಾಪಿನ ಸುತ್ತ ಗೀಚು, ಕುತ್ತಿಗಿ ಮ್ಯಾಲ ಪಕ್ಕಡ ಹಿಡದ ಗುರ್ತು, ಒಂದೊಂದು ಗುಂಡು ಒಂದೊಂದು ಎತ್ತರ ಇದ್ರ ಬಿಲ್ ಕೇಳ್ರಿ, ಬಿಲ್ ಇಲ್ಲಂದ್ರ ಮುಟ್ಟಬ್ಯಾಡ್ರಿ.

ಗುಂಡು ಒಂದು ಅಲ್ಲಿ ಒಂದು ಇಲ್ಲಿ ಬೀಳ್ತೈತಿ

ಮದ್ದಿಗೆ ಬೈಯೋಕಿಂತ ಮೊದಲು ಸ್ಕ್ರೂ ಡ್ರೈವರ್ ತಗೋರಿ. ಹಿಂದಿನ ಸೈಟ್ ಅಳ್ಳಾಡ್ತೈತಾ, ಕುದುರಿ ಮುಂದಿನ ದೊಡ್ಡ ಸ್ಕ್ರೂ ಸಡಲ ಆಗೇತಾ, ಕಟ್ಟಿಗಿ ಕೈಲೇ ಹಿಡದು ತಿರುವಿದ್ರ ಸಪ್ಪಳ ಬರ್ತೈತಾ. ಮಳಿಗಾಲದಾಗ ಮುಂದಿನ ಕಟ್ಟಿಗಿ ಹಸಿ ಕುಡದು ಉಬ್ಬಿ ನಳಿಗೀನ ಒಂದು ಬಾಜೂಕ ಒತ್ತತೈತಿ, ಬ್ಯಾಸಿಗ್ಯಾಗ ಒಣಗಿ ಬಿಡ್ತೈತಿ. ಅದಕ್ಕ ಧಾರವಾಡದಾಗ ಜುಲೈ ತಿಂಗಳ ಝೀರೋ ಮಾಡಿದ (ಸೈಟ್ ಗುರಿಗೆ ಹೊಂದಿಸಿದ) ಬಂದೂಕು ಮಾರ್ಚಿನ್ಯಾಗ ಗದಗಕ್ಕ ಒಯ್ದು ಹೊಡದ್ರ ಬ್ಯಾರೆ ಕಡೆ ಬೀಳ್ತೈತಿ, ತೋಟಾ ಏನೂ ಮಾಡಿಲ್ಲ. ಕಟ್ಟಿಗಿಗೆ ಅಗಸಿ ಎಣ್ಣಿ ತೆಳ್ಳಗ ಕುಡಿಸಿ ಇಡ್ರಿ, ಒಳಗಿನ ಮೈಗೂ.

ಮೊದಲನೇ ಗುಂಡು ಮಾತ್ರ ದೂರ ಬಿದ್ದು ಉಳದವು ಒಂದ ಕಡೆ ಬೀಳ್ತಾವ ಅಂದ್ರ ನಳಿಗ್ಯಾಗ ಎಣ್ಣಿ ಉಳದೈತಿ, ಒಣ ಬಟ್ಟಿ ಎಳದು ಹೊಡೀರಿ. ಮೊದಲು ಛಲೋ ಬಿದ್ದು ಬರಬರತಾ ಹರಡಿದ್ರ ಗುಂಡಿನ ಮೈಯಾಗಿನ ತಾಮ್ರ ನಳಿಗ್ಯಾಗ ಕೂತೈತಿ. ಅದನ್ನ ತಗಿಯೋ ಕೆಮಿಕಲ್‌ದಾಗ ಅಮೋನಿಯಾ ಇರ್ತೈತಿ, ಬಟ್ಟಿ ನೀಲಿ ಬರೋದು ನಿಲ್ಲೋ ತನಕ ಎಳೀಬೇಕು, ಆ ಬಾಟ್ಲಿ ಮಾತ್ರ ತೋಟಾ ಇರೋ ಕಪಾಟಿನ್ಯಾಗ ಇಡಬ್ಯಾಡ್ರಿ, ಯಾಕ ಅನ್ನೋದು ಮ್ಯಾಲ ಬಂತು. ನಳಿಗಿ ಬಾಯಿಗೆ ಉಗರು ಆಡಿಸಿ ನೋಡ್ರಿ, ಕಾರಿನ ನೆಲಕ್ಕ ಬಾಯಿ ಕೆಳಗ ಮಾಡಿ ಇಡೋರ ಬಂದೂಕಿನ್ಯಾಗ ಅಲ್ಲಿ ಗಾಯ ಇರ್ತೈತಿ, ಗುಂಡು ಹೊರಗ ಬೀಳೋ ಕಡೇ ಕ್ಷಣಕ್ಕ ಗ್ಯಾಸು ಒಂದು ಕಡೆ ಜಾಸ್ತಿ ಹೊರಡ್ತೈತಿ.

ಮತ್ತ ಯಾರೂ ಒಪ್ಪಲಾರದ ಕಾರಣ ಒಂದೈತಿ, ಹೆದರಿಕಿ. 315 ಧಕ್ಕಿ ಸಣ್ಣದಲ್ಲ, ಹಳೇ ಬಂದೂಕಿಗೆ ಹಿತ್ತಾಳಿ ಬುಡ, ಭುಜಕ್ಕ ಬಡೀತೈತಿ. ದೋಸ್ತ ಒಬ್ಬಗ ಹೇಳ್ರಿ, ನಿಮಗ ಗೊತ್ತಾಗಲಾರದಂಗ ನಡುವ ಒಂದು ಡಮ್ಮಿ ತೋಟಾ ಹಾಕಲಿ. ಅದು "ಟಕ್" ಅಂದಾಗ ನಳಿಗಿ ಬಾಯಿ ಕೆಳಗ ಕುಕ್ಕಿತು ಅಂದ್ರ ರೋಗ ಬಂದೂಕಿಗಲ್ಲ. ಸಾದಾ ಸೈಟಿನ್ಯಾಗ 100 ಮೀಟರಿಗೆ ನಾಕು ಇಂಚಿನ್ಯಾಗ ಐದೂ ಬಿದ್ರ ಈ ಬಂದೂಕಿಂದ ಅದಕಿಂತ ಜಾಸ್ತಿ ಕೇಳೋದು ನನ್ನ ಲೆಕ್ಕದಾಗ ದುರಾಸಿ.

ತೋಟಾ ಹಸರು ಹಿಡದೈತಿ, ಹುಳಿ ವಾಸನಿ ಬರ್ತೈತಿ

ಒಣ ಬಟ್ಟಿಲೇ ಒರಸಿದ್ರ ಹೋಗೋ ಕಪ್ಪು, ಮಾಸಲು ಬಣ್ಣ ಇದ್ರ ಚಿಂತಿ ಇಲ್ಲ. ಹಸರು ಪುಡಿ ಉಗರಿಗೆ ಹತ್ತಿ, ಕೆಳಗ ತಗ್ಗು ಬಿದ್ದಿದ್ರ ಹೊಡೀಬ್ಯಾಡ್ರಿ. ಹಸರು ಗುಂಡು ಮತ್ತ ಕುತ್ತಿಗಿ ಕೂಡೋ ಸಂದ್ಯಾಗಿಂದನ ಹುಟ್ಟಿದ್ರ ಒಳಗಿನ ಮದ್ದು ಕೊಳೀತಾ ಇರಬಹುದು, ಕೆಟ್ಟ ಮದ್ದು ಆಮ್ಲದ ಗ್ಯಾಸು ಬಿಡ್ತೈತಿ, ಡಬ್ಬಿ ತಗದ ಕೂಡ್ಲೆ ಮೂಗಿಗೆ ಹುಳಿ ಚುರುಕು ಹತ್ತತೈತಿ. ಬ್ರಾಸೋ ಹಚ್ಚಿ ತಿಕ್ಕೋದು ಮಾಡಬ್ಯಾಡ್ರಿ, ಹಿತ್ತಾಳಿ ಪಾಲಿಶಿನ್ಯಾಗ ಅಮೋನಿಯಾ ಇರ್ತೈತಿ.

ಇಂಥಾ ತೋಟಾ ಬಾವಿಗೆ ಒಗಿಯೋದು, ಹೊಲದಾಗ ಹುಗಿಯೋದು, ಒಲಿಗೆ ಹಾಕೋದು ಮೂರೂ ಕೂಡದು. ಲೈಸನ್ಸ್ ಪುಸ್ತಕ ತಗೊಂಡು ಆಯುಧ ಅಂಗಡಿಗೆ ಇಲ್ಲಾ ಠಾಣೆಗೆ ಮೊದಲು ಫೋನ್ ಮಾಡಿ, ಇಷ್ಟು ಕೆಟ್ಟ ತೋಟಾ ಅದಾವ ಅಂತ ಹೇಳಿ ಒಯ್ರಿ, ಕೊಟ್ಟದ್ದಕ್ಕ ಬರದು ಸಹಿ ತಗೋರಿ, ಯಾಕಂದ್ರ ನಿಮ್ಮ ಹೆಸರಿಗೆ ಎಷ್ಟು ತೋಟಾ ಅದಾವ ಅನ್ನೋ ಲೆಕ್ಕಾ ನಾಳೆ ನವೀಕರಣಕ್ಕ ಹೋದಾಗ ಕೇಳ್ತಾರ. "ಮದವ್ಯಾಗ ಮ್ಯಾಲಕ ಹೊಡದು ಖಾಲಿ ಮಾಡಿಬಿಡೋಣ" ಅನ್ನೋ ಮಾವಂದಿರಿಗೆ ಹೇಳ್ರಿ, 2019ರ ತಿದ್ದುಪಡಿ ಆದಮ್ಯಾಲ ಅದಕ್ಕ ಎರಡು ವರ್ಷದ ತನಕ ಜೈಲು ಇಲ್ಲಾ ಒಂದು ಲಕ್ಷದ ತನಕ ದಂಡ, ಎರಡೂ ಬಿದ್ರೂ ಬಿತ್ತು.